ನೇಪಾಳವೋ, ಮೆಕಾಂಗ್ ದಂಡೆಯೋ, ಸಮರ್ಕಂದವೋ? ನೆಲದ ದಾರಿಯಲ್ಲಿ ದೇಶ ದಾಟಲು ಹೊರಟವರಿಗೆ

ಕಳೆದ ಎರಡು ತಿಂಗಳಲ್ಲಿ ಮೂರು ಕಡೆಯಿಂದ ನನಗೆ ಒಂದೇ ಪ್ರಶ್ನೆ ಬಂತು. ಹುಬ್ಬಳ್ಳಿಯ ಹುಡುಗನೊಬ್ಬ ಇಂಜಿನಿಯರಿಂಗ್ ಮುಗಿಸಿದ್ದಾನೆ. ಕೆಲಸಕ್ಕೆ ಸೇರಲು ಇನ್ನೂ ಒಂದೂವರೆ ತಿಂಗಳಿದೆ, ಕೈಯಲ್ಲಿ 60 ಸಾವಿರ ಇದೆ. ಅಕ್ಕನ ಗೆಳತಿಯೊಬ್ಬರು ಬ್ಯಾಂಕಿನಲ್ಲಿದ್ದಾರೆ. 16 ದಿನ ರಜೆ ಸಿಕ್ಕಿದೆ, ಒಬ್ಬರೇ ಹೋಗುತ್ತಾರೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಮೂರನೆಯವರು ಪಿಯುಸಿಯಲ್ಲಿ ನನಗೆ ಇತಿಹಾಸ ಕಲಿಸಿದ ಮೇಷ್ಟ್ರು. ನಿವೃತ್ತರಾಗಿ ಮೂರು ವರ್ಷ ಆಯಿತು. ಅವರಿಗೆ ಮತ್ತು ಮೇಡಂಗೆ ದುಡ್ಡಿನ ಚಿಂತೆ ಅಷ್ಟಿಲ್ಲ, ಆದರೆ ಮಂಡಿ ಮೊದಲಿನಂತಿಲ್ಲ.

ಮೂವರದೂ ಒಂದೇ ಆಸೆ. ಊರಿಂದೂರಿಗೆ ವಿಮಾನದಲ್ಲಿ ಹಾರುವುದು ಬೇಡ. ಬಸ್ಸು, ರೈಲು, ದೋಣಿ ಹಿಡಿದು, ಬೆನ್ನಿಗೆ ಚೀಲ ಹಾಕಿಕೊಂಡು ದೇಶ ದಾಟಬೇಕು. ಯಾವ ಕಡೆ ಹೋಗಲಿ?

ನಾನು ಮೂರು ದಾರಿಗಳಲ್ಲಿ ಹೀಗೆ ಓಡಾಡಿದ್ದೇನೆ. ಒಂದು ನೇಪಾಳ. ಇನ್ನೊಂದು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯ ಸುತ್ತುವ ಮೆಕಾಂಗ್ ದಾರಿ. ಮೂರನೆಯದು ಕಝಾಕ್‌ಸ್ತಾನ, ಕಿರ್ಗಿಸ್ತಾನ, ಉಜ್ಬೇಕಿಸ್ತಾನಗಳ ಮಧ್ಯ ಏಷ್ಯಾ ದಾರಿ. ಮೂರೂ ನನಗೆ ಇಷ್ಟ. ಆದರೆ ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ.

ಮನೆ ಬಾಗಿಲಿಂದಲೇ ಹೊರಡಬಹುದಾ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಒಂದು ಕಾಲದಲ್ಲಿ ಆಗುತ್ತಿತ್ತು. 1960 ಮತ್ತು 70ರ ದಶಕಗಳಲ್ಲಿ ಯುರೋಪಿನ ಹುಡುಗ ಹುಡುಗಿಯರು ಇಸ್ತಾಂಬುಲ್‌ನಲ್ಲಿ ಬಸ್ಸು ಹತ್ತಿ ತೆಹ್ರಾನ್, ಕಾಬೂಲ್, ಲಾಹೋರ್, ದೆಹಲಿ ದಾಟಿ ಕಾಠ್ಮಂಡುವಿಗೆ ಬರುತ್ತಿದ್ದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಆ ದಾರಿ ಅಲ್ಲಿಗೆ ಮುಗಿಯಿತು.

ಈಗ ನಮ್ಮ ಸ್ಥಿತಿ ಇನ್ನೂ ಬಿಗಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಅಟಾರಿ ಗಡಿಯ ಬಾಗಿಲು ಹಾಕಿದರು. ಮಣಿಪುರದ ಮೋರೆ ಮೂಲಕ ಬರ್ಮಾ ದಾಟಿ ಥಾಯ್ಲೆಂಡಿಗೆ ಹೋಗುವ ಕನಸು 2021ರ ಸೇನಾ ದಂಗೆ ಮತ್ತು ಅದರ ಹಿಂದೆಯೇ ಬಂದ ಅಂತರ್ಯುದ್ಧದಲ್ಲಿ ಹೋಯಿತು. ನಕ್ಷೆಯಲ್ಲಿ ನಮ್ಮದು ದೊಡ್ಡ ಭೂಖಂಡದ ತುಂಡು. ಆದರೆ ಬೆನ್ನುಚೀಲದವರ ಪಾಲಿಗೆ ಭಾರತ ಹೆಚ್ಚುಕಡಿಮೆ ದ್ವೀಪ ಇದ್ದ ಹಾಗೆ. ಹಾಗಾಗಿ ನೇಪಾಳ ಬಿಟ್ಟರೆ ಉಳಿದೆರಡು ದಾರಿಗೂ ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ವಿಮಾನ ಬೇಕೇಬೇಕು. ನೆಲದ ಪಯಣ ಅಂದರೆ ಆ ಎರಡು ವಿಮಾನಗಳ ನಡುವೆ ಎಳೆಯುವ ಗೆರೆ.

ಏನನ್ನು ಮೊದಲು ಅಳೆಯಬೇಕು

ಬಹಳ ಜನ ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಕೂರುತ್ತಾರೆ. ನಾನು ಹೇಳುವುದು, ಮೊದಲು ದಿನ ಎಣಿಸಿ. ದುಡ್ಡು ಆಮೇಲೆ. ನೆಲದ ದಾರಿಯಲ್ಲಿ ಪ್ರತಿ ಗಡಿಗೆ ಒಂದು ಇಡೀ ಹಗಲನ್ನು ಬರೆದಿಡಿ. ಗಡಿಯಲ್ಲಿ ಸೀಲು ಬೀಳಲು ಅರ್ಧ ಗಂಟೆ ಸಾಕು. ಆದರೆ ಗಡಿಗೆ ಹೋಗುವ ಬಸ್ಸು, ಆ ಕಡೆಯ ಊರಿನ ಗಾಡಿ, ಹೊಸ ದುಡ್ಡು, ಹೊಸ ಸಿಮ್, ರಾತ್ರಿ ಮಲಗುವ ಜಾಗ, ಇಷ್ಟರಲ್ಲಿ ಸಂಜೆ ಆಗಿರುತ್ತದೆ. ಮೂರು ದೇಶಕ್ಕೆ 12 ದಿನ ಅಂತ ಹಾಕಿಕೊಂಡರೆ ನೀವು ನೋಡುವುದು ಬರೀ ಬಸ್ ನಿಲ್ದಾಣ. ನನ್ನ ಅನುಭವದಲ್ಲಿ ಒಂದು ದೇಶಕ್ಕೆ ಏಳೆಂಟು ದಿನವಾದರೂ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ದೇಶದ ಸಂಖ್ಯೆ ಇಳಿಸಿ.

ಎರಡನೆಯದು ಕಾಗದ ಪತ್ರ. ನಮ್ಮ ಪಾಸ್‌ಪೋರ್ಟಿಗೆ ಯಾವ ಗಡಿ ಸುಲಭವಾಗಿ ತೆರೆಯುತ್ತದೆ, ಯಾವುದಕ್ಕೆ ಮೊದಲೇ ಅರ್ಜಿ ಹಾಕಬೇಕು ಅನ್ನುವುದು. ಮೂರನೆಯದು ದುಡ್ಡು. ಇದರಲ್ಲಿ ದಿನದ ಖರ್ಚು ಬೇರೆ, ವಿಮಾನದಂಥ ಒಂದೇ ಸಲದ ದೊಡ್ಡ ಖರ್ಚು ಬೇರೆ. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಲೆಕ್ಕ ತಪ್ಪುತ್ತದೆ. ನಾಲ್ಕನೆಯದು ಊಟ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹತ್ತು ದಿನ ಸರಿಯಾಗಿ ಊಟ ಇಲ್ಲದಿದ್ದರೆ ಎಂಥ ಬೆಟ್ಟವೂ ಚಂದ ಕಾಣುವುದಿಲ್ಲ. ಆಮೇಲೆ ಎತ್ತರ ಮತ್ತು ಹವೆ. ಕೊನೆಯದಾಗಿ, ಒಬ್ಬರೇ ಹೋಗುವವರಿಗೆ ದಾರಿಯಲ್ಲಿ ಜೊತೆ ಸಿಗುತ್ತದೆಯೇ, ರಾತ್ರಿ ಇಳಿದರೆ ಭಯ ಇಲ್ಲವೇ ಅನ್ನುವುದು.

ನೇಪಾಳ: ಮನೆಯಿಂದ ರೈಲು ಹತ್ತಿ ಹೋಗುವ ಪರದೇಶ

ಈ ಮೂರರಲ್ಲಿ ನಮಗೆ ನಿಜವಾಗಿ ಪೂರ್ತಿ ನೆಲದ ದಾರಿ ಅಂದರೆ ಇದೊಂದೇ. ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲು ಇದೆ, ಎರಡು ರಾತ್ರಿ. ಅಲ್ಲಿಂದ ಸುನೌಲಿ ಗಡಿಗೆ ಬಸ್ಸಿನಲ್ಲಿ ಮೂರು ಗಂಟೆ. ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ನಡೆದೇ ದಾಟುತ್ತೀರಿ. ಕಮಾನಿನ ಆ ಕಡೆ ಕಾಲಿಟ್ಟ ಕೂಡಲೇ ಗಡಿಯಾರ 15 ನಿಮಿಷ ಮುಂದೆ ಹೋಗುತ್ತದೆ. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ, ಈ ದರ ಏರಿಳಿಯುವುದಿಲ್ಲ. 100ರ ನೋಟು ಜಾಸ್ತಿ ಇಟ್ಟುಕೊಳ್ಳಿ, ಅದನ್ನು ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ.

ಈ ದಾರಿಯ ಸೊಗಸು ಇರುವುದು ಏರಿಕೆಯಲ್ಲಿ. ಸುನೌಲಿ ಹತ್ತಿರ ಬಯಲು, ಭತ್ತದ ಗದ್ದೆ, ಉತ್ತರ ಪ್ರದೇಶದ ಬಿಸಿಲು. ಬುದ್ಧ ಹುಟ್ಟಿದ ಲುಂಬಿನಿ ಗಡಿಯಿಂದ ಸುಮಾರು ಒಂದು ಗಂಟೆ. ಬುಟ್ವಲ್ ದಾಟಿದ ಮೇಲೆ ರಸ್ತೆ ಬೆಟ್ಟ ಹತ್ತುತ್ತದೆ. ಹೆಚ್ಚಿನವರು ರಾತ್ರಿ ಬಸ್ಸಿನಲ್ಲಿ ಮಲಗಿ ನೇರ ಪೋಖರಾದಲ್ಲಿ ಇಳಿಯುತ್ತಾರೆ. ಹಾಗೆ ಮಾಡಬೇಡಿ. ಮಧ್ಯದಲ್ಲಿ ತಾನ್ಸೇನ್ ಎಂಬ, ನೇವಾರ್ ಜನರ ಹಳೆ ಪೇಟೆ ಇದೆ. ಕಲ್ಲು ಹಾಸಿದ ಕಡಿದಾದ ಬೀದಿ, ಮರದ ಕೆತ್ತನೆಯ ಕಿಟಕಿ. ಅಲ್ಲಿ ಒಂದು ರಾತ್ರಿ ಉಳಿದರೆ ಬೆಳಿಗ್ಗೆ ಕಣಿವೆ ತುಂಬ ಮಂಜು, ಅದರಾಚೆ ಹಿಮದ ಸಾಲು ಕಾಣುತ್ತದೆ. ನೂರಿನ್ನೂರು ಮೀಟರ್ ಎತ್ತರದ ಬಯಲಿನಿಂದ ಹೊರಟ ನೀವು ಎರಡು ವಾರದಲ್ಲಿ ಅನ್ನಪೂರ್ಣ ಬೇಸ್ ಕ್ಯಾಂಪಿನ 4,130 ಮೀಟರ್‌ನಲ್ಲಿ ನಿಂತಿರಬಹುದು. ಗಟ್ಟಿಗರು ಥೊರಾಂಗ್ ಲಾ ಕಣಿವೆಮಾರ್ಗ ದಾಟಿದರೆ 5,416 ಮೀಟರ್. ಅಷ್ಟೆಲ್ಲ ಬೇಡ ಅಂದರೆ 3,210 ಮೀಟರ್‌ನ ಪೂನ್ ಹಿಲ್ ನಾಲ್ಕು ದಿನದಲ್ಲಿ ಮುಗಿಯುತ್ತದೆ.

ಊಟದ ಚಿಂತೆ ಇಲ್ಲ. ದಾಲ್ ಭಾತ್ ಎಲ್ಲ ಕಡೆ ಸಿಗುತ್ತದೆ, ಸಾಕು ಅನ್ನುವ ತನಕ ಬಡಿಸುತ್ತಾರೆ. ಚಾರಣದ ದಾರಿಯಲ್ಲಿ ಊಟ, ವಸತಿ ಕೊಡುವ ಟೀ ಹೌಸ್‌ಗಳು ಕೋಣೆಗೆ ಕಡಿಮೆ ದುಡ್ಡು ತೆಗೆದುಕೊಂಡು ಊಟದಲ್ಲಿ ಸರಿಮಾಡಿಕೊಳ್ಳುತ್ತವೆ. ಮೇಲೆ ಹೋದಷ್ಟೂ ಅದೇ ದಾಲ್ ಭಾತಿನ ಬೆಲೆ ಏರುತ್ತದೆ. ಅದು ಅನ್ಯಾಯ ಅಲ್ಲ, ಆ ಅಕ್ಕಿ ಯಾರದೋ ಬೆನ್ನ ಮೇಲೋ ಹೇಸರಗತ್ತೆಯ ಮೇಲೋ ಬಂದದ್ದು.

ನನ್ನ ಲೆಕ್ಕದಲ್ಲಿ ನೇಪಾಳದಲ್ಲಿ ದಿನಕ್ಕೆ 1,500ರಿಂದ 2,000 ರೂಪಾಯಿ. ನಾನು 22 ದಿನಕ್ಕೆ ರೈಲು, ಚಾರಣದ ಪರವಾನಗಿ ಎಲ್ಲ ಸೇರಿ 42 ಸಾವಿರದಲ್ಲಿ ಮುಗಿಸಿದ್ದೆ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿಯಲ್ಲಿ ನಮ್ಮದೂ ಸೇರಿದಂತೆ ಸಾರ್ಕ್ ಕೂಟದ ದೇಶದವರಿಗೆ ರಿಯಾಯಿತಿ ಇದೆ, ಕೌಂಟರಿನಲ್ಲಿ ಕೇಳಿ ಪಡೆಯಿರಿ. ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಎಂಬ ನಿಯಮ 2023ರ ಏಪ್ರಿಲ್‌ನಲ್ಲಿ ಬಂದಿದೆ. ಹಾಗಾಗಿ ಗೈಡಿನ ಖರ್ಚನ್ನು ಹೊರಡುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇಬ್ಬರು ಮೂವರು ಸೇರಿದರೆ ಅದು ಹಗುರಾಗುತ್ತದೆ.

ಕೊರತೆ ಎಂದರೆ ರಸ್ತೆ. ಕಾಠ್ಮಂಡುವಿನಿಂದ ಪೋಖರಾ ಸುಮಾರು 200 ಕಿಲೋಮೀಟರ್, ಆದರೆ ಇಡೀ ಹಗಲು ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬೆಟ್ಟದ ರಸ್ತೆಗಳಲ್ಲಿ ಓಡಾಡಬೇಡಿ ಎಂದೇ ನಾನು ಹೇಳುತ್ತೇನೆ. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಭೂಕುಸಿತವಾಗಿ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಬಿದ್ದವು. ಒಳಗಿದ್ದವರಲ್ಲಿ ಬದುಕಿದವರು ಬೆರಳೆಣಿಕೆಯಷ್ಟು. ಅಕ್ಟೋಬರ್–ನವೆಂಬರ್ ಅಥವಾ ಮಾರ್ಚ್–ಏಪ್ರಿಲ್ ಇಟ್ಟುಕೊಳ್ಳಿ. ಹಗಲು ಬಸ್ಸನ್ನೇ ಹತ್ತಿ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಎಳೆ ಇದೆ. ರಕ್ಸೌಲ್ ಕಡೆಯಿಂದ ದಾಟಿದರೆ ಬಾರಾ ಜಿಲ್ಲೆಯಲ್ಲಿ ಸಿಮ್ರೌನ್‌ಗಢ ಎಂಬ ಹಾಳಾದ ಕೋಟೆಯ ಊರು ಸಿಗುತ್ತದೆ. 1097ರಲ್ಲಿ ಮಿಥಿಲೆಯಲ್ಲಿ ಆಳ್ವಿಕೆ ಶುರು ಮಾಡಿದ ನಾನ್ಯದೇವನ ಮನೆತನದ ರಾಜಧಾನಿ ಅದು. ಆ ಮನೆತನದ ಹೆಸರೇ ಕರ್ಣಾಟ. ಪಶುಪತಿನಾಥದ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರಲ್ಲೂ ನಮ್ಮ ಕಡೆಯವರಿದ್ದಾರೆ. ಆ ಗುಡಿಯ ಅಂಗಳದಲ್ಲಿ ಕನ್ನಡ ಕೇಳಿದಾಗ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಮೆಕಾಂಗ್ ದಾರಿ: ನದಿ, ರೈಲು, ನಾಲ್ಕು ದೇಶ

ಒಬ್ಬರೇ ಮೊದಲ ಸಲ ಹೊರಡುವವರಿಗೆ ಇದರಷ್ಟು ಹದವಾದ ದಾರಿ ಇನ್ನೊಂದಿಲ್ಲ. ಹಾಸ್ಟೆಲ್‌ಗಳು ಒಳ್ಳೆಯವು. ಬಸ್ಸಿನ ಟಿಕೆಟ್ಟು ಹಾಸ್ಟೆಲಿನಲ್ಲೇ ಸಿಗುತ್ತದೆ. ಅದೇ ಮುಖಗಳು ಮೂರು ಊರಲ್ಲಿ ಮತ್ತೆ ಮತ್ತೆ ಕಾಣುತ್ತವೆ, ಪರಿಚಯ ಗೆಳೆತನ ಆಗುತ್ತದೆ.

ಗೆರೆ ಹೀಗೆ ಹೋಗುತ್ತದೆ. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನ. ಅಲ್ಲಿಂದ ರಾತ್ರಿ ರೈಲಿನಲ್ಲಿ ಚಿಯಾಂಗ್ ಮಾಯ್. ಚಿಯಾಂಗ್ ರಾಯ್ ದಾಟಿ ಚಿಯಾಂಗ್ ಖೋಂಗ್‌ನಲ್ಲಿ ಮೆಕಾಂಗ್ ನದಿಯ ಸೇತುವೆ ದಾಟಿದರೆ ಲಾವೋಸಿನ ಹುವಾಯ್ ಸಾಯ್. ಅಲ್ಲಿಂದ ನಿಧಾನ ದೋಣಿ ಹಿಡಿಯುತ್ತೀರಿ, ಎರಡು ಹಗಲಿನ ಪಯಣ. ರಾತ್ರಿ ಪಾಕ್‌ಬೆಂಗ್ ಎಂಬ ದಂಡೆಯ ಹಳ್ಳಿಯಲ್ಲಿ ಮಲಗುವುದು. ಎರಡನೆಯ ಸಂಜೆ ಲುವಾಂಗ್ ಪ್ರಬಾಂಗ್.

ಆ ದೋಣಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಉದ್ದನೆಯ ಮರದ ದೋಣಿ, ಹಳೆ ಕಾರುಗಳಿಂದ ಬಿಚ್ಚಿ ತಂದ ಸೀಟುಗಳು. ಎರಡು ಕಡೆ ಕಾಡು. ನಡುನಡುವೆ ಮರಳಿನ ದಿಣ್ಣೆಯಲ್ಲಿ ದೋಣಿ ನಿಲ್ಲುತ್ತದೆ, ಯಾವುದೋ ಹಳ್ಳಿಯ ಅಜ್ಜಿ ಅಕ್ಕಿ ಮೂಟೆ, ಕೋಳಿಯ ಬುಟ್ಟಿ ಜೊತೆ ಇಳಿದು ಹೋಗುತ್ತಾಳೆ. ಮೊದಲ ಎರಡು ಗಂಟೆ ಎಲ್ಲರೂ ಫೋಟೋ ತೆಗೆಯುತ್ತಾರೆ. ನಾಲ್ಕನೆಯ ಗಂಟೆಗೆ ಮಾತು ನಿಲ್ಲುತ್ತದೆ. ಎರಡನೆಯ ದಿನ ಮಧ್ಯಾಹ್ನ ಸುಮ್ನೆ ನೀರು ನೋಡುತ್ತಾ ಕೂರುವುದು ಕಲಿತಿರುತ್ತೀರಿ. ವೇಗದ ದೋಣಿಯೂ ಇದೆ. ಅಪಾಯ ಜಾಸ್ತಿ, ಹತ್ತಬೇಡಿ.

ಲುವಾಂಗ್ ಪ್ರಬಾಂಗ್‌ನಿಂದ ರಾಜಧಾನಿ ವಿಯೆಂಟಿಯಾನ್‌ಗೆ ಮೊದಲು ಬೆಟ್ಟದ ರಸ್ತೆಯಲ್ಲಿ ಇಡೀ ದಿನ ಬೇಕಾಗುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಲಾವೋಸ್–ಚೀನಾ ರೈಲು ಶುರುವಾದ ಮೇಲೆ ಸುಮಾರು ಎರಡು ಗಂಟೆಯ ಮಾತು. ವಿಯೆಂಟಿಯಾನ್‌ನಿಂದ ಎರಡು ಆಯ್ಕೆ. ಸೇತುವೆ ದಾಟಿ ಥಾಯ್ಲೆಂಡಿನ ನೋಂಗ್ ಖಾಯ್‌ಗೆ ಬಂದು ರೈಲು ಹಿಡಿದು ಬ್ಯಾಂಕಾಕಿಗೆ ವಾಪಸ್, ಇದು ಚಿಕ್ಕ ಸುತ್ತು. ಇಲ್ಲವೇ ಪೂರ್ವಕ್ಕೆ ಬೆಟ್ಟ ದಾಟಿ ವಿಯೆಟ್ನಾಂ. ಹನೋಯ್‌ಯಿಂದ ಹೋ ಚಿ ಮಿನ್ ನಗರಕ್ಕೆ 1,726 ಕಿಲೋಮೀಟರ್ ರೈಲು ಹಳಿ. ಹುಯೆ ಮತ್ತು ದಾ ನಾಂಗ್ ನಡುವೆ ಹಾಯ್ ವಾನ್ ಘಟ್ಟದಲ್ಲಿ ರೈಲು ಸಮುದ್ರದ ನೆತ್ತಿಯ ಮೇಲೆ ಹೋಗುತ್ತದೆ. ಆ ತುಂಡನ್ನು ಹಗಲಿನಲ್ಲೇ ಹಿಡಿಯಿರಿ. ಕೊನೆಗೆ ಮೋಕ್ ಬಾಯ್–ಬಾವೆಟ್ ಗಡಿಯಿಂದ ಕಾಂಬೋಡಿಯದ ರಾಜಧಾನಿ ನಾಂ ಪೆನ್, ಅಲ್ಲಿಂದ ಅಂಕೋರಿನ ಹಳೆ ದೇಗುಲಗಳು.

ಕಾಗದ ಪತ್ರ ಹೀಗಿದೆ. ಥಾಯ್ಲೆಂಡಿಗೆ ನಮಗೆ ವೀಸಾ ಬೇಡ ಎಂದು 2023ರ ನವೆಂಬರ್‌ನಲ್ಲಿ ಮಾಡಿದರು. ಆದರೆ ಆ ನಿಯಮ, ಎಷ್ಟು ದಿನ ಅನ್ನುವುದು ಎರಡೂ ಬದಲಾಗುತ್ತಿರುತ್ತವೆ, ಟಿಕೆಟ್ ಮಾಡುವ ಮುನ್ನ ನೋಡಿ. ಡಿಜಿಟಲ್ ಆಗಮನ ಕಾರ್ಡನ್ನು 2025ರ ಮೇ ತಿಂಗಳಿಂದ ಎಲ್ಲರೂ ತುಂಬಬೇಕು, ನೆಲದ ಗಡಿಯಲ್ಲೂ. ಲಾವೋಸಿನ ವೀಸಾ ಗಡಿಯಲ್ಲೇ ಸಿಗುತ್ತದೆ, ಡಾಲರ್ ನೋಟು ಹರಿಯದೆ ಮಡಿಸದೆ ಇರಬೇಕು. ವಿಯೆಟ್ನಾಂ ಇ-ವೀಸಾ 25 ಡಾಲರ್, 90 ದಿನದವರೆಗೆ. ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಅರ್ಜಿಯಲ್ಲಿ ಯಾವ ಬಾಗಿಲಿಂದ ಒಳಗೆ ಬರುತ್ತೀರಿ ಎಂದು ಬರೆಯಬೇಕು. ನಾನು ಹನೋಯ್ ವಿಮಾನ ನಿಲ್ದಾಣ ಎಂದು ಬರೆದಿದ್ದೆ, ಆಮೇಲೆ ಬಸ್ಸಿನಲ್ಲಿ ಹೋಗುವ ಮನಸ್ಸಾಯಿತು. ಹೊಸ ಅರ್ಜಿ, ಇನ್ನೊಂದು 25 ಡಾಲರ್, ಜೊತೆಗೆ ಐದು ದಿನ ವಿಯೆಂಟಿಯಾನ್‌ನಲ್ಲಿ ಕಾಯುವ ಕೆಲಸ. ನೀವು ದಾಟುವ ನೆಲದ ಗಡಿ ಇ-ವೀಸಾ ಪಟ್ಟಿಯಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಹಳೆ ಮಾರ್ಗದರ್ಶಿಗಳು ಬ್ಯಾಂಕಾಕಿನಿಂದ ಪೋಯ್‌ಪೆಟ್ ಗಡಿ ಮೂಲಕ ಅಂಕೋರ್‌ಗೆ ಹೋಗಿ ಅನ್ನುತ್ತವೆ. 2025ರ ಜುಲೈನಲ್ಲಿ ಥಾಯ್ಲೆಂಡ್–ಕಾಂಬೋಡಿಯ ನಡುವೆ ಗಡಿ ಕಾಳಗ ಆಯಿತು, ನೆಲದ ಗಡಿಗಳು ಮುಚ್ಚಿದವು. ಆ ತುಂಡನ್ನು ನಂಬಿ ಯೋಜನೆ ಹಾಕಬೇಡಿ. ಕಾಂಬೋಡಿಯವನ್ನು ವಿಯೆಟ್ನಾಂ ಕಡೆಯಿಂದಲೇ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಎರಡು ಪದ ಸಾಕು. ಥಾಯ್ಲೆಂಡಿನಲ್ಲಿ "ಜೇ", ವಿಯೆಟ್ನಾಮಿನಲ್ಲಿ "ಚಾಯ್". ಎರಡೂ ಬೌದ್ಧ ಸಸ್ಯಾಹಾರದ ಹೆಸರು. ಬರೀ "ಮಾಂಸ ಬೇಡ" ಅಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ, ಅವರ ಲೆಕ್ಕದಲ್ಲಿ ಅದು ಉಪ್ಪು ಇದ್ದ ಹಾಗೆ. ಈ ಪದ ಹೇಳಿದರೆ ಅರ್ಥವಾಗುತ್ತದೆ. ವಿಯೆಟ್ನಾಮಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಬಹಳ ಮನೆಗಳಲ್ಲಿ ಮಾಂಸ ಬಿಡುತ್ತಾರೆ. ಆ ದಿನ ಚಾಯ್ ಹೋಟೆಲುಗಳು ತುಂಬಿರುತ್ತವೆ. ಲಾವೋಸಿನಲ್ಲಿ ಮಾತ್ರ ಸ್ವಲ್ಪ ಕಷ್ಟ. ಅಂಟು ಅನ್ನ, ಹಣ್ಣು, ತರಕಾರಿ ನೂಡಲ್ಸ್ ಮೇಲೆ ದಿನ ತಳ್ಳಬೇಕಾಗುತ್ತದೆ.

ಎರಡು ಎಚ್ಚರಿಕೆ, ಎರಡೂ ಲಾವೋಸಿನವು. 1964ರಿಂದ 1973ರವರೆಗೆ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು ಹಾಕಿತು. ಸಿಡಿಯದೆ ಉಳಿದವು ಇನ್ನೂ ಮಣ್ಣಿನಲ್ಲಿವೆ. ಹಳ್ಳಿ ಕಡೆ ಕಾಲುದಾರಿ ಬಿಟ್ಟು ಹೋಗಬೇಡಿ. ಎರಡನೆಯದು, 2024ರ ನವೆಂಬರ್‌ನಲ್ಲಿ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ಪ್ರವಾಸಿಗರು ಸತ್ತರು. ಬಿಟ್ಟಿ ಸಿಗುವ ಮದ್ಯ, ಸೀಲಿಲ್ಲದ ಬಾಟಲಿ ಬೇಡವೇ ಬೇಡ.

ನವೆಂಬರ್‌ನಿಂದ ಫೆಬ್ರವರಿ ಶುರುವಿನ ತನಕ ಒಳ್ಳೆ ಕಾಲ. ಮಾರ್ಚ್‌ನಲ್ಲಿ ಉತ್ತರ ಥಾಯ್ಲೆಂಡ್ ಮತ್ತು ಲಾವೋಸಿನಲ್ಲಿ ಹೊಲ, ಕಾಡು ಸುಡುವ ಹೊಗೆ ತುಂಬಿರುತ್ತದೆ. ಖರ್ಚು ದಿನಕ್ಕೆ 2,500ರ ಆಸುಪಾಸು. ಅಂಕೋರ್ ಮಾತ್ರ ಪ್ರತ್ಯೇಕ, ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಒಂದೇ ದಿನದ ಟಿಕೆಟ್ ತೆಗೆದುಕೊಂಡರೆ ಪಶ್ಚಾತ್ತಾಪ ಪಡುತ್ತೀರಿ. ನಾಲ್ಕೂ ದೇಶ, 32 ದಿನ, ವಿಮಾನ ಮತ್ತು ವೀಸಾ ಸೇರಿ ನನಗೆ 1 ಲಕ್ಷ 20 ಸಾವಿರ ಆಯಿತು. ಚಿಕ್ಕ ಸುತ್ತಾದರೆ 65ರಿಂದ 70 ಸಾವಿರದಲ್ಲಿ ಆಗುತ್ತದೆ.

ಮಧ್ಯ ಏಷ್ಯಾ: ಹುಲ್ಲುಗಾವಲು, ಹಿಮ, ನೀಲಿ ಗುಮ್ಮಟ

ನೆಲ ಬದಲಾಗುವುದನ್ನು ಕಣ್ಣಾರೆ ನೋಡಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ಇದು ಎಲ್ಲರಿಗೂ ಅಲ್ಲ.

ದೆಹಲಿಯಿಂದ ಅಲ್ಮಾಟಿಗೆ ನಾಲ್ಕು ಗಂಟೆಯೊಳಗಿನ ವಿಮಾನ. ಕಝಾಕ್‌ಸ್ತಾನದಲ್ಲಿ 2022ರ ಜುಲೈಯಿಂದ ನಮಗೆ 14 ದಿನ ವೀಸಾ ಇಲ್ಲದೆ ಇರಬಹುದು. ಅಲ್ಲಿಂದ ಕಿರ್ಗಿಸ್ತಾನದ ಬಿಶ್ಕೆಕ್ ಸುಮಾರು 240 ಕಿಲೋಮೀಟರ್. ಮಾರ್ಶ್ರುತ್ಕಾ ಎಂಬ ವ್ಯಾನ್ ಸಿಗುತ್ತದೆ. ನಮ್ಮ ಮ್ಯಾಕ್ಸಿಕ್ಯಾಬ್ ಇದ್ದ ಹಾಗೆ, ತುಂಬಿದ ಮೇಲೆ ಹೊರಡುತ್ತದೆ. ಕಿರ್ಗಿಸ್ತಾನಕ್ಕೂ ಉಜ್ಬೇಕಿಸ್ತಾನಕ್ಕೂ ಇ-ವೀಸಾ ಇದೆ. ಉಜ್ಬೇಕಿಸ್ತಾನದ್ದು 20 ಡಾಲರ್, 30 ದಿನ.

ಬಿಶ್ಕೆಕ್‌ನಿಂದ ಪೂರ್ವಕ್ಕೆ ಇಸ್ಸಿಕ್ ಕುಲ್ ಸರೋವರ. 1,600 ಮೀಟರ್ ಎತ್ತರದಲ್ಲಿದ್ದರೂ ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ನೀರು ತುಸು ಉಪ್ಪು, ಆಳ ಬಹಳ. ಕೊಚ್ಕೋರ್ ಎಂಬ ಸಣ್ಣ ಊರಿನಿಂದ ಕುದುರೆ ಮೇಲೋ ಜೀಪಿನಲ್ಲೋ ಹೋದರೆ 3,000 ಮೀಟರ್ ಎತ್ತರದ ಸೋಂಗ್ ಕುಲ್. ಅಲ್ಲಿ ಮರ ಇಲ್ಲ, ತಂತಿ ಕಂಬ ಇಲ್ಲ. ಬರೀ ಹುಲ್ಲು, ನೀರು, ಕುದುರೆ, ಉಣ್ಣೆಯ ಬಿಳಿ ಗುಡಾರ. ಬೇಸಿಗೆಯಲ್ಲಿ ಕುರಿಗಾಹಿ ಕುಟುಂಬಗಳು ಅಲ್ಲಿಗೆ ಬಂದು ಬಿಡಾರ ಹೂಡುತ್ತವೆ. ಕೊಚ್ಕೋರ್‌ನಲ್ಲಿ ಹಳ್ಳಿಯವರೇ ಸೇರಿ ನಡೆಸುವ ಸಮುದಾಯ ಪ್ರವಾಸೋದ್ಯಮ ಕಚೇರಿ ಇದೆ. ಅದರ ಮೂಲಕ ಹೋದರೆ ದರ ಗೊತ್ತಿರುತ್ತದೆ, ದುಡ್ಡು ಆ ಮನೆಗೇ ಹೋಗುತ್ತದೆ. ರಾತ್ರಿ ಒಲೆಗೆ ಒಣಗಿದ ಸಗಣಿ ಹಾಕಿದಾಗ ಬಂದ ವಾಸನೆಗೆ ನನಗೆ ಅಜ್ಜಿ ಮನೆಯ ಕುರುಳು ನೆನಪಾಯಿತು.

ದಕ್ಷಿಣಕ್ಕೆ ಓಶ್. ಗಡಿ ದಾಟಿದರೆ ಆಂದಿಜಾನ್, 1483ರಲ್ಲಿ ಬಾಬರ್ ಹುಟ್ಟಿದ ಊರು. ಫರ್ಗಾನಾ ಕಣಿವೆಯಿಂದ ರೈಲು 19 ಕಿಲೋಮೀಟರ್ ಉದ್ದದ ಕಾಮ್‌ಚಿಕ್ ಸುರಂಗ ದಾಟಿ ತಾಷ್ಕೆಂಟ್ ಕಡೆಗೆ ಹೋಗುತ್ತದೆ. ತಾಷ್ಕೆಂಟಿನಿಂದ ಸಮರ್ಕಂದಕ್ಕೆ ವೇಗದ ರೈಲು, ಎರಡು ಗಂಟೆ ಚಿಲ್ಲರೆ. ಟಿಕೆಟ್ ಬೇಗ ಖಾಲಿ, ದಿನ ಗೊತ್ತಾದ ಕೂಡಲೇ ತೆಗೆದುಬಿಡಿ. ಮುಂದೆ ಬುಖಾರಾ, ಖೀವಾ, ಮರುಭೂಮಿ.

ಬೀದರಿನ ಮಹಮೂದ್ ಗವಾನನ ಮದರಸಾ ನೋಡಿದ್ದೀರಾ? 1472ರ ಕಟ್ಟಡ. ಅದರ ಗೋಡೆಯಲ್ಲಿ ಅಲ್ಲಲ್ಲಿ ಉಳಿದಿರುವ ನೀಲಿ, ಹಸಿರು ಹೆಂಚಿನ ಬಿಲ್ಲೆಗಳನ್ನು ನೆನಪಿಟ್ಟುಕೊಂಡು ಸಮರ್ಕಂದದ ರೆಗಿಸ್ತಾನ್ ಅಂಗಳಕ್ಕೆ ಹೋಗಿ. ಅಲ್ಲಿ 1420ರಲ್ಲಿ ಮುಗಿದ ಉಲುಗ್ ಬೇಗ್ ಮದರಸಾ ಇದೆ. ಬೀದರಿನಲ್ಲಿ ಚೂರು ಚೂರಾಗಿ ಕಂಡದ್ದು ಇಲ್ಲಿ ಇಡಿಯಾಗಿ ಎದುರು ನಿಲ್ಲುತ್ತದೆ.

ಈಗ ಕಷ್ಟಗಳು. ಊಟವೇ ದೊಡ್ಡದು. ಪ್ಲೋವ್ (ಪುಲಾವ್), ಲಗ್ಮಾನ್ (ನೂಡಲ್ಸ್), ಶಾಶ್ಲಿಕ್ (ಕಬಾಬ್), ಎಲ್ಲದರಲ್ಲೂ ಕುರಿ ಅಥವಾ ದನದ ಮಾಂಸ. ರಷ್ಯನ್ ಭಾಷೆಯಲ್ಲಿ "ಬೆಜ್ ಮ್ಯಾಸಾ" ಅಂದರೆ ಮಾಂಸವಿಲ್ಲದೆ ಎಂದು. ಹಾಗೆ ಕೇಳಿದರೂ ಕೆಲವೊಮ್ಮೆ ಅದೇ ಅಡುಗೆಯಿಂದ ಮಾಂಸದ ತುಂಡು ಆರಿಸಿ ತೆಗೆದು ಉಳಿದದ್ದನ್ನು ಕೊಡುತ್ತಾರೆ. ಸಸ್ಯಾಹಾರಿಗಳು ತಂದೂರಿ ರೊಟ್ಟಿ, ಟೊಮೇಟೊ ಸೌತೆಕಾಯಿ ಸಲಾಡ್, ಮೊಸರು, ಕುಂಬಳಕಾಯಿ ಸಂಸಾ (ಸಮೋಸ), ಹಣ್ಣು ನೆಚ್ಚಿಕೊಳ್ಳಬೇಕು. ಹಣ್ಣಂತೂ ಅಮೃತ, ಆಗಸ್ಟಿನ ಕರಬೂಜಕ್ಕೆ ಸಮನಾದದ್ದು ನಾನು ತಿಂದಿಲ್ಲ. ಬಿಶ್ಕೆಕ್, ಓಶ್‌ಗಳಲ್ಲಿ ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳು ತುಂಬಾ ಇರುವುದರಿಂದ ಭಾರತೀಯ ಮೆಸ್‌ಗಳಿವೆ. ಬೆಟ್ಟದಲ್ಲಿ ಏನೂ ಇಲ್ಲ. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಿ.

ಭಾಷೆ ಎರಡನೆಯದು. ಇಂಗ್ಲಿಷ್ ಕಡಿಮೆ. ರಷ್ಯನ್ ಬರೆಯುವ ಸಿರಿಲಿಕ್ ಅಕ್ಷರ ಎರಡು ದಿನ ಕೂತು ಕಲಿತರೆ ಬಸ್ಸಿನ ಬೋರ್ಡು ಓದಬಹುದು, ಅದರಿಂದ ಅರ್ಧ ಭಯ ಹೋಗುತ್ತದೆ. ಕಾಲ ಮೂರನೆಯದು. ಸೋಂಗ್ ಕುಲ್‌ಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಶುರು ಮಾತ್ರ. ಅದೇ ಜುಲೈನಲ್ಲಿ ಬುಖಾರಾ 40 ಡಿಗ್ರಿ ದಾಟಿ ಕಾಯುತ್ತಿರುತ್ತದೆ. ಎರಡೂ ಬೇಕೆಂದರೆ ಆಗಸ್ಟ್ ಕೊನೆಯಲ್ಲಿ ಬೆಟ್ಟದಿಂದ ಶುರು ಮಾಡಿ ಸೆಪ್ಟೆಂಬರ್‌ನಲ್ಲಿ ಬಯಲಿಗೆ ಇಳಿಯಿರಿ.

ಪಾಮೀರ್ ಹೆದ್ದಾರಿ ಇನ್ನೂ ಒಂದು ಹೆಜ್ಜೆ ಮುಂದೆ. ಓಶ್‌ನಿಂದ ತಾಜಿಕಿಸ್ತಾನದ ಮುರ್ಗಾಬ್, ಖೋರೋಗ್ ಮೂಲಕ ದುಶಾಂಬೆ. ಅಕ್‌ಬೈತಾಲ್ ಕಣಿವೆಮಾರ್ಗ 4,655 ಮೀಟರ್. ಕಿರ್ಗಿಸ್ತಾನ–ತಾಜಿಕಿಸ್ತಾನ ಗಡಿ 2021ರಿಂದ ಮುಚ್ಚಿತ್ತು, 2025ರ ಮಾರ್ಚ್ ಒಪ್ಪಂದದ ನಂತರ ಮತ್ತೆ ತೆರೆಯಿತು. ಪಂಜ್ ನದಿಯ ಆಚೆ ದಂಡೆಯಲ್ಲಿ ಅಫ್ಘಾನಿಸ್ತಾನದ ಹಳ್ಳಿಗಳು, ಕತ್ತೆ ಮೇಲೆ ಹುಲ್ಲು ಹೇರಿಕೊಂಡು ಹೋಗುವವರು ಕಾಣುತ್ತಾರೆ. ಇ-ವೀಸಾ ಜೊತೆಗೆ ಬದಖ್‌ಶಾನ್ ಪ್ರಾಂತ್ಯದ ಪರವಾನಗಿ ಬೇರೆ ಬೇಕು. ಜೀಪು ಬಾಡಿಗೆ ಭಾರಿ, ನಾಲ್ವರು ಹಂಚಿಕೊಂಡರೆ ಮಾತ್ರ ಸಾಧ್ಯ. ಒಂದು ಸಾವಿರ ಮೀಟರ್‌ನ ಓಶ್‌ನಿಂದ ಒಂದೇ ದಿನದಲ್ಲಿ 3,900 ಮೀಟರ್‌ನ ಕರಾಕುಲ್‌ಗೆ ಏರಿದರೆ ತಲೆನೋವು, ವಾಂತಿ ಖಚಿತ. ಸಾರಿತಾಶ್‌ನಲ್ಲಿ ಒಂದು ರಾತ್ರಿ ನಿಲ್ಲಿ. ಲಡಾಖಿನಲ್ಲಿ ಎತ್ತರ ಒಗ್ಗದವರು ಈ ದಾರಿ ಬಿಟ್ಟುಬಿಡಿ.

ನನ್ನ ಖರ್ಚು ದಿನಕ್ಕೆ 2,500ರಿಂದ 3,000. ಮೂರು ದೇಶ, 27 ದಿನ, ವಿಮಾನ ಸೇರಿ 1 ಲಕ್ಷ 30 ಸಾವಿರ. ಪಾಮೀರ್ ಸೇರಿಸಿದರೆ ಇನ್ನೂ 40 ಸಾವಿರ ಇಟ್ಟುಕೊಳ್ಳಿ.

ದಿನ ಕಡಿಮೆಯೋ, ದುಡ್ಡು ಕಡಿಮೆಯೋ

ಈ ಎರಡು ಕೊರತೆಗೆ ಮದ್ದು ಬೇರೆ ಬೇರೆ. ದುಡ್ಡು ಕಡಿಮೆ, ದಿನ ಜಾಸ್ತಿ ಇದ್ದರೆ ನೇಪಾಳವನ್ನು ಮೀರಿಸುವುದು ಇಲ್ಲ. ದಿನದ ಖರ್ಚು ಕಡಿಮೆ ಇರುವ ಕಡೆ ಉದ್ದಕ್ಕೆ ಇದ್ದುಬಿಡಿ. ದಿನ ಕಡಿಮೆ, ದುಡ್ಡು ಸಾಕಷ್ಟಿದ್ದರೆ ರೈಲು ಚೆನ್ನಾಗಿರುವ ಜಾಗ ಆರಿಸಿ, ಅಂದರೆ ಉಜ್ಬೇಕಿಸ್ತಾನ ಅಥವಾ ವಿಯೆಟ್ನಾಂ, ಒಂದೇ ದೇಶ. ಎರಡೂ ಕಡಿಮೆ ಇದ್ದರೆ ಹತ್ತು ದಿನ ಲುಂಬಿನಿ, ತಾನ್ಸೇನ್, ಪೋಖರಾ. ಗೆಳೆಯರು ಎರಡು ವಾರದಲ್ಲಿ ಐದು ದೇಶ ನೋಡಿ ಬಂದೆವು ಎಂದರೆ ಕರುಬಬೇಡಿ. ಅವರು ಪಾಕ್‌ಬೆಂಗ್‌ನಲ್ಲಿ ಸಂಜೆ ಕಂಡಿರುವುದಿಲ್ಲ.

ಹುಬ್ಬಳ್ಳಿ ಹುಡುಗನಿಗೆ ನೇಪಾಳ ಹೇಳಿದೆ. ಅವನಿಗೆ ಪರದೇಶ ಅನ್ನಿಸಲಿಲ್ಲವಂತೆ, ಮುಖ ಸಣ್ಣ ಮಾಡಿಕೊಂಡ. ಇರುವ ದುಡ್ಡಿನಲ್ಲಿ ಬ್ಯಾಂಕಾಕಿನ ಚಿಕ್ಕ ಸುತ್ತು ಎಳೆದಾಡಿದರೆ ಹದಿನಾಲ್ಕು ದಿನ, ನೇಪಾಳದಲ್ಲಿ ಮೂವತ್ತು ದಿನ ಮತ್ತು ಒಂದು ದೊಡ್ಡ ಚಾರಣ, ಗೈಡಿನ ಸಂಬಳ ಸೇರಿ. ಅದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಒಪ್ಪಿದ. ಅಕ್ಟೋಬರ್‌ಗೆ ಯಶವಂತಪುರದ ರೈಲಿನಲ್ಲಿ ಸ್ಲೀಪರ್ ಸೀಟು ಆಗಿದೆ.

ಬ್ಯಾಂಕಿನ ಗೆಳತಿಗೆ ಮೆಕಾಂಗಿನ ಚಿಕ್ಕ ಸುತ್ತು. ಬ್ಯಾಂಕಾಕ್, ಚಿಯಾಂಗ್ ಮಾಯ್, ದೋಣಿ, ಲುವಾಂಗ್ ಪ್ರಬಾಂಗ್, ವಿಯೆಂಟಿಯಾನ್, ವಾಪಸ್ ಬ್ಯಾಂಕಾಕ್. ಎರಡೇ ಗಡಿ, 16 ದಿನಕ್ಕೆ ಸರಿಯಾಗಿ ಕೂರುತ್ತದೆ. ವಿಯೆಟ್ನಾಂ ಬಿಡಲು ಅವರಿಗೆ ಬೇಸರ ಆಯಿತು, ಆದರೆ ಬಿಟ್ಟರು. ಲಾವೋಸಿನ ಐದಾರು ದಿನಕ್ಕೆ ಪುಳಿಯೋಗರೆ ಗೊಜ್ಜು ಚೀಲದಲ್ಲಿರುತ್ತದೆ.

ಮೇಷ್ಟ್ರು ಮತ್ತು ಮೇಡಂಗೆ ಉಜ್ಬೇಕಿಸ್ತಾನ, ಪೂರ್ತಿ ರೈಲಿನಲ್ಲಿ, ಸೆಪ್ಟೆಂಬರ್ ಮಧ್ಯದಲ್ಲಿ. ತಾಷ್ಕೆಂಟಿಗೆ ಇಳಿದು ಸಮರ್ಕಂದ, ಬುಖಾರಾ, ಖೀವಾ. ಮಂಡಿ ಒಪ್ಪಿದರೆ ಕೊನೆಗೆ ಫರ್ಗಾನಾ ದಾಟಿ ಓಶ್ ತನಕ, ಅಲ್ಲೊಂದು ನೆಲದ ಗಡಿ. ಹೊರಡುವ ಮೊದಲು ಬೀದರಿಗೆ ಒಂದು ಸಲ ಹೋಗಿ ಬರುತ್ತಾರಂತೆ. ಈಗ ದಿನಾ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಸಿರಿಲಿಕ್ ಅಕ್ಷರ ತಿದ್ದುತ್ತಿದ್ದಾರೆ. ಮೇಡಂ ಎಂಟು ಅಕ್ಷರ ಮುಂದಿದ್ದಾರೆ.